ಮುಚ್ಚಿಗೆಯ ಮಸಿ

ಹೋಟೆಲಿನೊಳಗೆ ಕಾಲಿಟ್ಟವರು ಸಾಮಾನ್ಯವಾಗಿ ಮೊದಲು ನೋಡುವುದು ಕೂರಲು ಜಾಗ ಇದೆಯೋ ಇಲ್ಲವೋ ಎಂದು. ಹೊಟ್ಟೆ ಹಸಿದವರು ಪಕ್ಕದ ಮೇಜಿನ ತಟ್ಟೆ ನೋಡುತ್ತಾರೆ. ಸಂಸಾರಸ್ಥರು ಗೋಡೆಯ ದರಪಟ್ಟಿ ನೋಡುತ್ತಾರೆ. ನಾನು ಮಾತ್ರ ತಲೆಯೆತ್ತಿ ಮಾಡು ನೋಡುತ್ತೇನೆ. ಅದು ಎಷ್ಟು ಕಪ್ಪಾಗಿದೆ ಎಂದು ಅಂದಾಜು ಮಾಡದೆ ನನಗೆ ಕುರ್ಚಿಯಲ್ಲಿ ಕೂರಲಿಕ್ಕೇ ಆಗುವುದಿಲ್ಲ. ಠಾಣೆಯ ಪಕ್ಕದ ಐರೋಲಿಯಲ್ಲಿ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಎದುರಿಗಿರುವ ಹೋಟೆಲುಗಳಲ್ಲಿ ಮೇಲೆ ನೋಡಲು ಇರುವುದಾದರೂ ಏನು? ಬಿಳಿಯ ಪಿಒಪಿ, ಅದರಲ್ಲಿ ಹುದುಗಿಸಿದ ಸಣ್ಣ ದೀಪಗಳು, ಎಸಿಯ ಕಿಂಡಿ. ಆದರೂ ನೋಡುತ್ತೇನೆ. ನೋಡಿ, ಇವರ ಅಡುಗೆಯಲ್ಲಿ ಸತ್ವವಿರಲಾರದು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ಕೂರುತ್ತೇನೆ.

“ಅಲ್ಲೇನ್ ಮ್ಯಾಲ ನೋಡ್ಲಿಕ್ಕತ್ತೀ? ಮೆನು ಕೆಳಗ ಅದ,” ಎನ್ನುತ್ತಾರೆ ನಮ್ಮವರು. ಅವರು ಧಾರವಾಡದ ಕಡೆಯವರು, ನಾನು ಉಡುಪಿ ಕಡೆಯವಳು. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದರೂ ನಮ್ಮಿಬ್ಬರ ಕನ್ನಡ ಒಂದಕ್ಕೊಂದು ಬೆರೆಯಲಿಲ್ಲ. ಮಗಳು ಎರಡನ್ನೂ ಚೆನ್ನಾಗಿ ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮಾಡು ನೋಡುವ ನನ್ನ ಚಾಳಿ ಮಾತ್ರ ಈ ಮೂರು ಭಾಷೆಗಳಲ್ಲೂ ಸಮಾನವಾಗಿ ಗೇಲಿಗೆ ಒಳಗಾಗಿದೆ.

ಚಾಳಿಯ ಬೇರು ಇರುವುದು ನನ್ನ ಅಪ್ಪನ ಹೋಟೆಲಿನಲ್ಲಿ. ಅದು ಠಾಣೆಯ ಪೂರ್ವಕ್ಕೆ, ಕೋಪರಿಯಲ್ಲಿ, ಸ್ಟೇಶನ್ನಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಕಟ್ಟಡ ನಮ್ಮದಲ್ಲ. ಒಂದು ಹಳೆಯ ಮರಾಠಿ ಮನೆತನದ ವಾಡೆ ಅದು: ಮರದ ಕಂಬ, ಮರದ ತೊಲೆ, ಸುಣ್ಣದ ಗಾರೆಯ ಗೋಡೆ, ರಸ್ತೆಯ ಕಡೆಗೆ ಚಾಚಿಕೊಂಡ ಗ್ಯಾಲರಿ. ಮನೆಯವರು ಮಹಡಿಯಲ್ಲಿ, ನಮ್ಮ ಹೋಟೆಲು ಕೆಳಗೆ. ಹೋಟೆಲಿಗೆ ದೇವರ ಹೆಸರಿನ ಬೋರ್ಡು ಇತ್ತು. ಅದನ್ನು ಓದಿದವರು ಯಾರೂ ಇದ್ದಂತಿಲ್ಲ. ಅಪ್ಪನನ್ನು ಎಲ್ಲರೂ ಅಣ್ಣಾ ಎನ್ನುತ್ತಿದ್ದರು, ಹಾಗಾಗಿ ಊರಿಗೆಲ್ಲ ಅದು ‘ಅಣ್ಣಾಚಂ ಹಾಟೇಲ್’, ಅಣ್ಣಾನ ಹೋಟೆಲು.

ಮರದ ಹಲಗೆ ಹೊದಿಸಿದ ಒಳಮಾಡಿಗೆ ನಮ್ಮ ಕಡೆ ಮುಚ್ಚಿಗೆ ಎನ್ನುತ್ತೇವೆ. ಆ ಹೋಟೆಲಿನ ಮುಚ್ಚಿಗೆ ಕಡುಕಪ್ಪಾಗಿತ್ತು. ಇದ್ದಿಲು ಒಲೆಯ ಕಾಲದಿಂದ ಹಿಡಿದು ಗ್ಯಾಸಿನ ಕಾಲದವರೆಗೆ ದೋಸೆಯ ಎಣ್ಣೆಹೊಗೆ, ಒಗ್ಗರಣೆಯ ಹೊಗೆ, ಗಲ್ಲಾದ ಮೇಲಿನ ದೇವರಪಟದ ಊದುಬತ್ತಿಯ ಹೊಗೆ ಎಲ್ಲ ಏರಿ ಏರಿ ಅಲ್ಲಿ ಸೇರಿಕೊಂಡಿದ್ದವು. ಮರಗಳಲ್ಲಿ ಹುಟ್ಟಿನಿಂದಲೇ ಕರಿ ಬಣ್ಣದ ಒಂದು ಜಾತಿ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಶಾಲೆಯಲ್ಲಿ ಮರಗಳ ಬಗ್ಗೆ ಪ್ರಬಂಧ ಬರೆಯುವಾಗ ಆ ಜಾತಿಯನ್ನು ಉಲ್ಲೇಖಿಸಿದ್ದೂ ಉಂಟು. ಟೀಚರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಸುಮ್ಮನಾದರು.

ನಾನೂ ಅಣ್ಣ ಸುಧಾಕರನೂ ಶಾಲೆ ಬಿಟ್ಟ ಮೇಲೆ ಹೋಟೆಲಿನ ಹಿಂಬದಿಯ ‘ಫ್ಯಾಮಿಲಿ ರೂಮ್’ ಎಂಬ ಮರದ ಮರೆಯಲ್ಲಿ ಕುಳಿತು ಓದುತ್ತಿದ್ದೆವು. ಹಾಗಾಗಿ ನನ್ನ ಪುಸ್ತಕಗಳಿಗೆಲ್ಲ ಹುರಿದ ಕೊತ್ತಂಬರಿಯ ಪರಿಮಳ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಗಣಿತದ ಪುಸ್ತಕ ಬೇಕೆಂದು ಕೇಳಿ ಪಡೆದು, ಲೆಕ್ಕ ಬರೆದುಕೊಳ್ಳದೆ ಅದನ್ನು ಮೂಸುತ್ತಿದ್ದಳು. ಮಹಡಿಯ ಮನೆಯಲ್ಲಿ ಯಾರಾದರೂ ಜೋರಾಗಿ ನಡೆದರೆ ಮೇಲಿನಿಂದ ಮಸಿಯ ಚೂರು ಉದುರುತ್ತಿತ್ತು. ಕಾಫಿ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಮಾತಾಡುವುದು ಅಲ್ಲಿನ ಹಳೆಯ ಗಿರಾಕಿಗಳ ಗುರುತು. ನಾನು ಈಗಲೂ ಹಾಗೇ ಮಾಡುತ್ತೇನೆ, ಪಿಒಪಿಯ ಕೆಳಗೂ.

ದೋಸೆಯ ಕಾವಲಿ ಇದ್ದದ್ದು ರಸ್ತೆಯ ಕಡೆಗೆ, ಹೋಗಿ ಬರುವವರಿಗೆ ಕಾಣಲಿ ಎಂದು. ಅಪ್ಪ ಕೂರುತ್ತಿದ್ದ ಗಲ್ಲಾ ಅದಕ್ಕೆ ಬೆನ್ನು ಹಾಕಿತ್ತು. ಆದರೆ ಅವರ ಮೂಗಿಗೆ ಬೆನ್ನು ಇರಲಿಲ್ಲ. ಗಿರಾಕಿಯೊಬ್ಬರ ಮಗಳ ಮದುವೆಯ ವಿಚಾರ ಕೇಳುತ್ತಾ ಕೇಳುತ್ತಾ, ತಿರುಗದೆಯೇ, “ಸೀದು ಹೋಗ್ತದೆ, ತೆಗಿ,” ಎನ್ನುತ್ತಿದ್ದರು. ದೋಸೆ ಹೊಯ್ಯುವವನು ತಕ್ಷಣ ಸಟ್ಟುಗ ಹಾಕುತ್ತಿದ್ದ. ಮನೆಯಲ್ಲೂ ಇದೇ ಪಾಡು. ಅಮ್ಮ ದೋಸೆ ಹೊಯ್ದರೆ ಬಚ್ಚಲಿನ ಒಳಗಿಂದಲೇ, “ಸೀದು ಹೋಗ್ತದೆ, ತೆಗಿ.” ಅಮ್ಮನಿಗೆ ಇದರಿಂದ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಒಮ್ಮೊಮ್ಮೆ ಬೇಕೆಂದೇ ಸೀಯಿಸಿ ಅಪ್ಪನಿಗೇ ಬಡಿಸುತ್ತಿದ್ದರು. ಅಪ್ಪ ಮಾತಿಲ್ಲದೆ ತಿನ್ನುತ್ತಿದ್ದರು.

ಗಣಪತಿ ಹಬ್ಬದ ಮುಂಚೆ ಹೋಟೆಲಿನ ಗೋಡೆಗಳಿಗೆ ಸುಣ್ಣ ಬೀಳುತ್ತಿತ್ತು. ಮುಚ್ಚಿಗೆಯನ್ನು ಮಾತ್ರ ಅಪ್ಪ ಮುಟ್ಟಗೊಡುತ್ತಿರಲಿಲ್ಲ. “ನಮ್ಮೂರಲ್ಲಿ ಒಲೆಯ ಮೇಲಿನ ಅಟ್ಟದ ಮರ ನೋಡಿದ್ದೀಯಲ್ಲ, ಕಬ್ಬಿಣ ಅದು. ಹೊಗೆ ಕುಡಿದ ಮರಕ್ಕೆ ಗೆದ್ದಲು ಬಾಯಿ ಹಾಕುವುದಿಲ್ಲ,” ಎನ್ನುತ್ತಿದ್ದರು. ಉಳಿದವರು ಇದನ್ನು ಖರ್ಚು ಉಳಿಸುವ ಉಪಾಯ ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆ ವಾಡೆಗೂ ನಮ್ಮೂರಿಗೂ ಇನ್ನೊಂದು ನಂಟು ಇತ್ತು. ಮಹಡಿಯ ಮೇಲೆ ಹೊದಿಸಿದ್ದು ಮಂಗಳೂರು ಹಂಚು, ವಾಡೆ ಕಟ್ಟಿದ ಕಾಲದಲ್ಲೇ ಹಡಗಿನಲ್ಲಿ ಬಂದದ್ದಂತೆ. “ನಾವು ಬರುವುದಕ್ಕೆ ಮೊದಲೇ ನಮ್ಮ ಮಣ್ಣು ಇಲ್ಲಿಗೆ ಬಂದು ಕೂತಿತ್ತು,” ಎಂದು ಅಪ್ಪ ಹೆಮ್ಮೆಪಡುತ್ತಿದ್ದರು. ಈ ಹೆಮ್ಮೆ ಎಲ್ಲಿಗೆ ಹೋಯಿತೆಂದರೆ, ಮಳೆಗೆ ಹಂಚು ಒಡೆದಾಗ ಠಾಣೆಯ ಪೇಟೆಯಲ್ಲಿ ಸಿಗುವ ಹಂಚು ಅವರಿಗೆ ಆಗಲಿಲ್ಲ. ಬೇಸಿಗೆ ರಜೆಯಲ್ಲಿ ಊರಿನಿಂದ ಹಿಂದಿರುಗುವಾಗ ಹಲಸಿನ ಹಪ್ಪಳ, ತೆಂಗಿನಕಾಯಿ, ಉಪ್ಪಿನಕಾಯಿಯ ಭರಣಿ, ಇವುಗಳ ನಡುವೆ ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿದ ಹಂಚುಗಳೂ ನಮ್ಮೊಂದಿಗೆ ಬಸ್ಸು ಹತ್ತುತ್ತಿದ್ದವು. ದಾರಿಯುದ್ದಕ್ಕೂ ಅಮ್ಮ ಕಾಲು ಚಾಚದೆ ಕೂತು ಬರುತ್ತಿದ್ದರು. ಬಾಡಿಗೆಗೆ ಇದ್ದವನು ಮಾಲೀಕನ ಮನೆಗೆ ಊರಿನಿಂದ ಹಂಚು ಹೊತ್ತು ತರುವುದನ್ನು ಕಂಡು ಮಹಡಿಯವರು ನಕ್ಕು, ಬದಲಿಗೆ ಡಬ್ಬ ತುಂಬ ಲಾಡು ಕೊಟ್ಟು ಕಳಿಸುತ್ತಿದ್ದರು.

ಇಷ್ಟೆಲ್ಲ ಏಕೆ ನೆನಪಾಯಿತು ಎಂದು ಹೇಳಬೇಕಾದರೆ ನನ್ನ ಸಕ್ಕರೆ ಕಾಯಿಲೆಯ ಬಗ್ಗೆ ಹೇಳಬೇಕು. ಕೆಲಸದಿಂದ ನಿವೃತ್ತಳಾದ ಮೇಲೆ ಡಾಕ್ಟರು, ನಡೆಯಿರಿ, ಇಲ್ಲದಿದ್ದರೆ ಕಷ್ಟ ಎಂದರು. ಸೊಸೈಟಿಯ ಸುತ್ತ ಸುತ್ತಿ ಸುತ್ತಿ ವಾಚ್‌ಮನ್‌ನ ಸಂಸಾರದ ಕಥೆಯೆಲ್ಲ ಬಾಯಿಪಾಠವಾಯಿತು. ಆಗ ಪಕ್ಕದ ಫ್ಲ್ಯಾಟಿನವರು, ಠಾಣೆಯಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಒಂದು ಸಂಸ್ಥೆ ಇದೆ, ಭಾನುವಾರ ಬೆಳಿಗ್ಗೆ ಹಳೆಯ ಬೀದಿಗಳಲ್ಲಿ ನಡೆಸುತ್ತಾರೆ ಎಂದರು. ನಡೆಸುತ್ತಾರೆ ಎಂಬ ಮಾತು ನಂಬಿ ಸೇರಿದೆ. ಸೇರಿದ ಮೇಲೆ ತಿಳಿಯಿತು, ಅಲ್ಲಿ ನಡೆಯುವುದಕ್ಕಿಂತ ನಿಲ್ಲುವುದು ಹೆಚ್ಚು. ಒಂದು ಕಿಟಕಿಯ ಮುಂದೆ ನಿಂತರೆ ಅರ್ಧ ಗಂಟೆ. ಬಂದವರಲ್ಲಿ ಹೆಚ್ಚಿನವರಿಗೆ ಮಂಡಿನೋವು, ಹಾಗಾಗಿ ಆಗಾಗ ಕಟ್ಟೆ ಕಂಡಲ್ಲಿ ಚಹಾ. ನನ್ನ ಸಕ್ಕರೆ ಇದ್ದಲ್ಲೇ ಇತ್ತು.

ಆದರೂ ಬಿಡಲಿಲ್ಲ. ಮಂಡಳ ಎಂದೇ ಎಲ್ಲರೂ ಕರೆಯುವ ಆ ಸಂಸ್ಥೆಯ ಕೆಲಸ ನನಗೆ ಹಿಡಿಸಿತು. ಬಿಲ್ಡರು ಬರುವ ಮೊದಲು ಹಳೆಯ ಮನೆಗಳಿಗೆ ಹೋಗಿ ಕಂಬ, ಬಾಗಿಲು, ಮೆಟ್ಟಿಲುಗಳ ಅಳತೆ ತೆಗೆದು ನಕ್ಷೆ ಮಾಡುತ್ತಾರೆ. ಮಾಲೀಕರೊಡನೆ ಮಾತಾಡುತ್ತಾರೆ, ಬೈಸಿಕೊಳ್ಳುತ್ತಾರೆ, ಮತ್ತೆ ಹೋಗುತ್ತಾರೆ. ಹತ್ತು ಕಡೆ ಸೋತು ಒಂದು ಕಡೆ ಗೆದ್ದರೆ ಆ ಕಟ್ಟಡವನ್ನು ತಾವೇ ನಿಂತು ದುರಸ್ತಿ ಮಾಡಿಸುತ್ತಾರೆ. ಮಂಡಳದ ಹಿರಿಯರು ಸುಲಭಾತಾಯಿ, ನಿವೃತ್ತ ಇತಿಹಾಸ ಶಿಕ್ಷಕಿ. ಅವರು ಮಾತಾಡಲು ನಿಂತರೆ ಇಟ್ಟಿಗೆಯೂ ಶಿಸ್ತಾಗಿ ಕೇಳಬೇಕು. ದುರಸ್ತಿಯ ಹೊಣೆ ಕೇತಕಿಯದು. ಹಳೆಯ ಕಟ್ಟಡಗಳ ದುರಸ್ತಿಯನ್ನೇ ಓದಿ ಬಂದ ಹುಡುಗಿ. ಮಾತು ಕಡಿಮೆ, ಜೇಬಿನಲ್ಲಿ ಯಾವಾಗಲೂ ಹತ್ತಿ ಮತ್ತು ಕಡ್ಡಿ.

ಹಾಗೆ ಗೆದ್ದ ಒಂದು ಕಟ್ಟಡ ನಮ್ಮ ಕೋಪರಿಯ ವಾಡೆ. ಅಪ್ಪನ ನಂತರ ಹೋಟೆಲು ನಡೆಸಿದ್ದು ಅಣ್ಣ. ಲಾಕ್‌ಡೌನಿನಲ್ಲಿ ಎಳೆದ ಶಟರು ಮತ್ತೆ ಮೇಲೇಳಲಿಲ್ಲ. ಮಹಡಿಯ ಮನೆತನದಲ್ಲಿ ಉಳಿದವರು ಪುಣೆಯಲ್ಲಿರುವ ಮಗಳೊಬ್ಬರೇ. ಎರಡೂ ಪಕ್ಕ ಟವರುಗಳು ಎದ್ದರೂ ಅವರು ಬಿಲ್ಡರಿಗೆ ಮಣಿಯದೆ, ಕೆಳಗೆ ವಾಚನಾಲಯ ಮಾಡಿ ಎಂದು ವಾಡೆಯನ್ನು ಮಂಡಳಕ್ಕೆ ಒಪ್ಪಿಸಿದರು. ಒಂದು ಭಾನುವಾರ ಸುಲಭಾತಾಯಿ ನಮ್ಮ ಗುಂಪನ್ನು ಅಲ್ಲಿಗೆ ಕರೆದೊಯ್ದರು. ನಾನು ಯಾರ ಮಗಳು ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ ಅಷ್ಟೆ.

ಒಳಗೆ ಹೋದೆವು. ಮೇಜುಗಳಿಲ್ಲ, ಕಾವಲಿಯಿಲ್ಲ, ಗಲ್ಲಾ ಇಲ್ಲ. ಖಾಲಿ ಕೋಣೆ ನಾನು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ತಲೆಯೆತ್ತಿದೆ. ಮುಚ್ಚಿಗೆ ಹಾಗೆಯೇ ಇತ್ತು.

“ಇಲ್ಲಿ ನೋಡಿ,” ಎಂದರು ಸುಲಭಾತಾಯಿ ಕೋಲೆತ್ತಿ, ಮರಾಠಿಯಲ್ಲಿ. “ಈ ಕಪ್ಪು ಹೊಳಪು ಇದೆಯಲ್ಲ, ಇದು ಹಿಂದಿನ ಬಡಗಿಗಳ ಜಾಣತನ. ಎಣ್ಣೆಯಲ್ಲಿ ಕಾಡಿಗೆ ಕಲಸಿ ಹಚ್ಚುತ್ತಿದ್ದರು, ಗೆದ್ದಲು ಬಾರದಿರಲಿ ಎಂದು. ಇಂಥ ಲೇಪ ಈಗ ಎಲ್ಲಿಯೂ ಸಿಗುವುದಿಲ್ಲ. ಇದನ್ನು ಯಾರೂ ಮುಟ್ಟಕೂಡದು.”

ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆದರು. ನನಗೆ ಒಳಗೊಳಗೇ ಎಷ್ಟು ಹಿಗ್ಗಾಯಿತೆಂದು ನಿಮಗೆ ಹೇಗೆ ಹೇಳಲಿ. ಅಪ್ಪನ ದೋಸೆಹೊಗೆಗೆ ಇತಿಹಾಸದ ಮರ್ಯಾದೆ ಸಿಗುತ್ತಿತ್ತು. ಬಾಯಿ ಮುಚ್ಚಿಕೊಂಡು ಹಿಗ್ಗುತ್ತಾ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಕಡೆಯವರಿಗೆ ಹೋಟೆಲಿನ ವಿಷಯದಲ್ಲಿ ಸುಮ್ಮನಿರಲು ಬರುವುದಿಲ್ಲ.

“ಸುಲಭಾತಾಯಿ, ಅದು ಲೇಪವಲ್ಲ,” ಎಂದೆ. “ದೋಸೆಯ ಹೊಗೆ. ಅಣ್ಣಾನ ಹೋಟೆಲು ಇದೇ. ಆ ಅಣ್ಣಾ ನನ್ನ ಅಪ್ಪ.”

ನಗುವೋ ನಗು. ಸುಲಭಾತಾಯಿ ನನ್ನನ್ನು ಅಪ್ಪಿಕೊಂಡು, ತಾವು ಹುಡುಗಿಯಾಗಿದ್ದಾಗಲೇ ಅದು ಹೀಗೆ ಕಪ್ಪಾಗಿತ್ತು ಎಂದು ಸಮಜಾಯಿಷಿ ಕೊಟ್ಟು, ಆಗ ಅಲ್ಲಿ ತಿಂದ ಮಸಾಲೆದೋಸೆಯ ವರ್ಣನೆಗೆ ಇಳಿದರು. ಗುಂಪಿನಲ್ಲಿ ಅರ್ಧದಷ್ಟು ಜನ ಅಲ್ಲಿ ತಿಂದವರೇ ಎಂದು ಆಗ ಗೊತ್ತಾಯಿತು. ಕೇತಕಿ ಮಾತ್ರ ಏಣಿ ಹತ್ತಿ, ಕಡ್ಡಿಗೆ ಹತ್ತಿ ಸುತ್ತಿ, ಏನೋ ದ್ರವದಲ್ಲಿ ಅದ್ದಿ ತೊಲೆಯ ಮೇಲೆ ಉರುಳಿಸಿದಳು. ಹತ್ತಿ ಕಪ್ಪಾಯಿತು. ಇನ್ನೊಂದು ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಮತ್ತೊಂದು ಹತ್ತಿಗೆ ಹಳದಿ ಹತ್ತಿತು. ಆ ಜಾಗದಲ್ಲಿ ಸಾಗುವಾನಿಯ ಮೈ ಕಂಡಿತು, ಮೈಯ ಮೇಲೆ ಕೆತ್ತಿದ ಒಂದು ಎಲೆ.

“ಕೆತ್ತನೆ ಇದೆ,” ಎಂದಳು ಕೇತಕಿ ಮೆಲ್ಲಗೆ. “ಉದ್ದಕ್ಕೂ ಬಳ್ಳಿ ಇರಬೇಕು. ಹಾಗಾದರೆ ಇದೆಲ್ಲ ಕೊಳೆ. ತೆಗೆಯಬೇಕು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬಾಯಿ ತೆರೆಯುವವರೆಗೆ ಯಾರೂ ಮುಟ್ಟಕೂಡದ ವಸ್ತುವಾಗಿದ್ದ ಮಸಿ, ನಾನು ಬಾಯಿ ಮುಚ್ಚುವಷ್ಟರಲ್ಲಿ ಕೊಳೆಯಾಗಿತ್ತು.

ಶನಿವಾರಗಳಂದು ಮಸಿ ತೆಗೆಯುವ ಕೆಲಸ ಶುರುವಾಯಿತು. ನಾನೂ ಹೋದೆ. ಬೇರೆಯವರು ಒರೆಸುವುದನ್ನು ನೋಡುತ್ತಾ ಮನೆಯಲ್ಲಿ ಕೂರುವುದಕ್ಕಿಂತ ನಾನೇ ಒರೆಸುವುದು ವಾಸಿ ಅನಿಸಿತು. ಏಣಿಯ ಮೇಲೆ ಕುಳಿತು ಕಡ್ಡಿ ಉರುಳಿಸುವಾಗ ದ್ರವದ ವಾಸನೆಯ ಅಡಿಯಿಂದ, ಸುಳ್ಳಲ್ಲ, ಹುರಿದ ಕೊತ್ತಂಬರಿಯ ವಾಸನೆ ಏಳುತ್ತಿತ್ತು. ನನ್ನ ಗಣಿತದ ಪುಸ್ತಕದ ವಾಸನೆ ಅದು. ಕಪ್ಪಾದ ಹತ್ತಿಯನ್ನು ಬುಟ್ಟಿಗೆ ಹಾಕುವ ಮೊದಲು ಪ್ರತಿ ಸಲವೂ ಮೂಸಿ ನೋಡುತ್ತಿದ್ದೆ, ಎಸೆಯಲು ಸಂಕಟವಾಗುತ್ತಿತ್ತು. ಎಲೆಯ ಪಕ್ಕ ಇನ್ನೊಂದು ಎಲೆ, ಮೊಗ್ಗು, ಗಿಣಿಯ ಬಾಲ ಕಾಣಿಸಿಕೊಂಡಾಗ ಸಂತೋಷವೂ ಆಗುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತಿದ್ದವು, ಯಾವುದು ಹೆಚ್ಚು ಎಂದು ಹೇಳಲಾರೆ.

ಅಣ್ಣನಿಗೆ ಈ ಸುದ್ದಿ ಹೇಳಬೇಕಿತ್ತು. ಅವನು ಈಗ ಐರೋಲಿಯ ಒಂದು ಕಚೇರಿ ಸಂಕೀರ್ಣದ ಒಳಗೆ ಇಡ್ಲಿ, ದೋಸೆ, ಕಾಫಿಯ ಕೌಂಟರು ನಡೆಸುತ್ತಾನೆ. ಎಲ್ಲ ಕರೆಂಟಿನ ಒಲೆ. ಬೆಂಕಿಯಿಲ್ಲ, ಹೊಗೆಯಿಲ್ಲ, ತಲೆಯ ಮೇಲೆ ಬಿಳಿ ಹಾಳೆಯಂಥ ಮಾಡು. ಮನೆ ಡೊಂಬಿವಲಿಯಲ್ಲಿ. ದಿನಾ ಬೆಳಿಗ್ಗೆ ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿಯುತ್ತಾನೆ. ಆ ಪ್ಲ್ಯಾಟ್‌ಫಾರಂನಿಂದ ಕೋಪರಿ ಎಂದರೆ ಸೇತುವೆ ಇಳಿದರೆ ಆಯಿತು. ಶಟರು ಎಳೆದ ಮೇಲೆ ಅವನು ಒಂದು ಸಲವೂ ಆ ಸೇತುವೆ ಇಳಿದಿರಲಿಲ್ಲ. ಗಾಡಿ ತಡವಾದರೆ ಆ ಕಡೆಗೆ ಬೆನ್ನು ಹಾಕಿ ನಿಲ್ಲುತ್ತಾನೆ ಎಂದು ಅತ್ತಿಗೆ ಹೇಳಿದ್ದರು.

ನಾನು ಹೋದಾಗ ಕೌಂಟರಿನಲ್ಲಿ ಜನ ಇರಲಿಲ್ಲ. ಕಾಫಿ ಕೊಟ್ಟ. ನಾನು ಲೋಟದ ಮೇಲೆ ಅಂಗೈ ಮುಚ್ಚಿದೆ. ಅವನು ಅದನ್ನು ನೋಡಿದ.

“ನೀನೂ ಒರೆಸ್ಲಿಕ್ಕೆ ಹೋಗ್ತಿದ್ದೀಯಂತೆ,” ಎಂದ. ಯಾರೋ ಹೇಳಿಬಿಟ್ಟಿದ್ದರು.

“ಅಡಿಯಲ್ಲಿ ಚಂದದ ಕೆತ್ತನೆ ಉಂಟು ಅಣ್ಣ. ಬಳ್ಳಿ, ಗಿಣಿ.”

“ಇರ್ಲಿ. ಕೆತ್ತನೆ ಅವರದ್ದು. ಹೊಗೆ ನಮ್ಮದು.” ಬಟ್ಟೆಯಿಂದ ಕೌಂಟರನ್ನು ಒರೆಸಿದ, ಅದು ಮೊದಲೇ ಸ್ವಚ್ಛವಾಗಿತ್ತು. “ಬೋರ್ಡು ತೆಗ್ದಾಯ್ತು. ಗಲ್ಲಾ ತೆಗ್ದಾಯ್ತು. ಉಳ್ದದ್ದು ಅದೊಂದು. ಅದನ್ನೂ ಒರೆಸಿದ್ರೆ ನಾವು ಅಲ್ಲಿ ಇದ್ದದ್ದೇ ಸುಳ್ಳು ಅಂತ ಆಗ್ತದೆ, ಅಷ್ಟೆ.”

ನಾನು ಲೋಟ ಎತ್ತಿ ಕುಡಿದು ಮುಗಿಸಿದೆ. ಕಾಫಿ ಚೆನ್ನಾಗಿತ್ತು, ಅದನ್ನು ಹೇಳುವ ಸಮಯ ಅದಾಗಿರಲಿಲ್ಲ.

ಮುಂದಿನ ಶನಿವಾರ ಕೇತಕಿ ತಮ್ಮ ಕಸುಬಿನ ಒಂದು ಪದ್ಧತಿಯ ಬಗ್ಗೆ ಹೇಳಿದಳು. ಹಳೆಯದನ್ನು ಎಷ್ಟೇ ಶುಚಿ ಮಾಡಿದರೂ ಒಂದು ಚಿಕ್ಕ ಚೌಕವನ್ನು ಮುಟ್ಟದೆ ಹಾಗೆಯೇ ಬಿಡುತ್ತಾರಂತೆ. ಮೊದಲು ಇದು ಹೇಗಿತ್ತು, ನಾವು ಎಷ್ಟು ತೆಗೆದೆವು ಎಂದು ಮುಂದೆ ಬರುವವರಿಗೆ ತಿಳಿಯಬೇಕಲ್ಲ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಕೋಣೆಗೆ ಒಂದು, ಅಂಗೈಯಷ್ಟು ಅಗಲ. “ಎಲ್ಲಿ ಬಿಡಬೇಕು ಎಂದು ನೀವೇ ಹೇಳಿ ಶಾಲಿನಿತಾಯಿ. ನಿಮ್ಮ ಮನೆಯ ಹೊಗೆ,” ಎಂದಳು.

ಗಲ್ಲಾದ ಮೇಲೆಯೋ, ಕಾವಲಿಯ ಮೇಲೆಯೋ? ನನಗೆ ಬಗೆಹರಿಯಲಿಲ್ಲ. ಇದನ್ನು ನಾನೊಬ್ಬಳೇ ಹೇಳುವುದು ಸರಿಯೂ ಅಲ್ಲ. ಮತ್ತೆ ಅಣ್ಣನ ಕೌಂಟರಿಗೆ ಹೋದೆ.

“ಎಂತ ಸಾಕ್ಷಿ? ಕೋರ್ಟಿಗೆ ಹೋಗ್ಲಿಕ್ಕುಂಟಾ?” ಎಂದ. ನಾನು ವಿವರಿಸಿದೆ. ಅವನು ಒಬ್ಬ ಗಿರಾಕಿಗೆ ಇಡ್ಲಿ ಕೊಟ್ಟ, ಇನ್ನೊಬ್ಬನಿಗೆ ಚಟ್ನಿ ಹಾಕಿದ. ಆಮೇಲೆ ಕೇಳಿದ, “ಎಷ್ಟು ದೊಡ್ಡದು ಬಿಡ್ತಾರೆ?”

“ಅಂಗೈಯಷ್ಟು.”

“ಅಪ್ಪ ಇಡೀ ಮುಚ್ಚಿಗೆ ತುಂಬಿಸಿದ್ದಾರೆ,” ಎಂದ ಅಣ್ಣ. “ಅಂಗೈಯಷ್ಟು ಸಾಕಂತೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಬಹುದಿತ್ತು. ನಾನು ಐರೋಲಿಯ ರಸ್ತೆಯಲ್ಲಿ ಡಾಕ್ಟರು ಮೆಚ್ಚುವಷ್ಟು ನಡೆದು ಮನೆಗೆ ಹೋದೆ. ವಾಚನಾಲಯ ತೆರೆದಾಗ ಅಣ್ಣ ಆ ಬಾಗಿಲು ದಾಟದೆಯೇ ಉಳಿದುಬಿಟ್ಟರೆ, ನಾನು ಉಳಿಸಿದ್ದಾದರೂ ಏನನ್ನು ಎಂಬ ಚಿಂತೆ ನನ್ನನ್ನು ಹಿಡಿಯಿತು. ಕೇತಕಿಗೆ, ಇನ್ನೊಂದು ವಾರ ತಡೆ ಎಂದು ಫೋನು ಮಾಡಿದೆ.

ಆ ಶನಿವಾರ ನಾನು ಏಣಿಯ ಮೇಲಿದ್ದೆ. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ವಡೆಯ ಡಬ್ಬ. ಹೋಟೆಲಿನವನು ಸಾವಿನ ಮನೆಗಾದರೂ ಬರಿಗೈಯಲ್ಲಿ ಹೋಗುವುದಿಲ್ಲ. ಅಣ್ಣ ಮೇಲೆ ನೋಡಲಿಲ್ಲ. ನೆಲ ನೋಡಿದ, ರುಬ್ಬುಗಲ್ಲು ಇದ್ದ ಜಾಗದ ಗುರುತು ನೋಡಿದ, ಡಬ್ಬವನ್ನು ಕಿಟಕಿಯಲ್ಲಿಟ್ಟ. ಸುಲಭಾತಾಯಿ ಅವನನ್ನು ಗುರುತಿಸಿ, “ಅಣ್ಣಾಚಾ ಮುಲಗಾ,” ಅಣ್ಣಾನ ಹುಡುಗ, ಎಂದು ಎಲ್ಲರಿಗೂ ಸಾರಿದರು. ಆ ವಯಸ್ಸಿನಲ್ಲಿ ಹುಡುಗ ಎನಿಸಿಕೊಂಡದ್ದಕ್ಕೆ ಅವನ ಮುಖ ಸ್ವಲ್ಪ ಸಡಿಲವಾಯಿತು.

ಅವನು ಬಂದದ್ದು ಬರೀ ನೋಡಿ ಹೋಗಲಿಕ್ಕೆ. ಆದರೆ ಜೀವಮಾನವೆಲ್ಲ ಮೇಜು ಒರೆಸುವವರ ಮೇಲೆ ಕಣ್ಣಿಟ್ಟವನಿಗೆ ನಮ್ಮ ಒರೆಸಾಟ ಎಷ್ಟು ಹೊತ್ತು ತಡೆದೀತು? ಕಡ್ಡಿಯ ತುದಿಯಲ್ಲಿ ಚೂರು ಹತ್ತಿ ಕಟ್ಟಿ ತಾಸುಗಟ್ಟಲೆ ಉರುಳಿಸುವುದು.

“ಹೀಗಾದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಗೀತದೆ ಮಾರಾಯ್ತಿ. ಇಳಿ ನೀನು,” ಎಂದು ನನ್ನನ್ನು ಇಳಿಸಿ ತಾನು ಏಣಿ ಹತ್ತಿದ. ಹತ್ತಿಯ ದೊಡ್ಡ ಉಂಡೆ ಮಾಡಿಕೊಂಡು, ಮೇಜು ಒರೆಸುವ ಹಾಗೆ ಎಡದಿಂದ ಬಲಕ್ಕೆ ಒಂದೇ ಬೀಸಿಗೆ ಉಜ್ಜಿದ.

“ಕಾಕಾ, ಘಾಸೂ ನಕಾ. ಫಿರವಾ,” ಎಂದಳು ಕೇತಕಿ ಓಡಿಬಂದು. ಉಜ್ಜಬೇಡಿ, ಉರುಳಿಸಿ. ಉಜ್ಜಿದರೆ ಮಸಿ ಮರದ ನರಕ್ಕೆ ಇಳಿಯುತ್ತದೆ, ಕೆತ್ತನೆಯ ಅಂಚು ಸವೆಯುತ್ತದೆ ಎಂದು ಅವನ ಕೈಹಿಡಿದು ತೋರಿಸಿದಳು. ಗಟ್ಟಿಯಾಗಿ ಉಜ್ಜಿ ಎಂದು ಎಷ್ಟೋ ಮಂದಿಯನ್ನು ಗದರಿದ ಅಣ್ಣ, ಮೊದಲ ಬಾರಿಗೆ ಉಜ್ಜಿದ್ದಕ್ಕೆ ಗದರಿಸಿಕೊಂಡ. ಮುಖ ದಪ್ಪ ಮಾಡಿಕೊಂಡು ಕಡ್ಡಿ ಹಿಡಿದ. ಉರುಳಿಸಿದ. ಒಂದು ಹತ್ತಿ, ಇನ್ನೊಂದು ಹತ್ತಿ. ಸುಮಾರು ಹೊತ್ತು ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು.

“ಶಾಲಿ,” ಎಂದ ಆಮೇಲೆ, ತಿರುಗದೆ. “ಇಷ್ಟು ಚಂದದ್ದು ನಮ್ಮ ತಲೆ ಮೇಲೆ ಇತ್ತಾ?”

ಅವನ ಕೈಯ ಹತ್ತಿರ ಗಿಣಿಯ ಕೊಕ್ಕು ಕಂಡಿತ್ತು, ಕೊಕ್ಕಿನಲ್ಲಿ ಒಂದು ಹಣ್ಣು.

“ಅಪ್ಪ ಇದನ್ನು ನೋಡ್ಲೇ ಇಲ್ಲ,” ಎಂದ. “ಇದರ ಅಡಿಯಲ್ಲೇ ಕೂತಿದ್ರು.”

ವಡೆ ತಿನ್ನುವಾಗ ಕೇತಕಿ ಇನ್ನೊಂದು ವಿಷಯ ಹೇಳಿದಳು. ಮಹಡಿಯ ತೊಲೆಗಳನ್ನೂ ಹಿಂದಿನ ಕೋಣೆಯ ತೊಲೆಗಳನ್ನೂ ಗೆದ್ದಲು ಪೊಳ್ಳು ಮಾಡಿದೆ, ಬದಲಿಸಬೇಕು. ಈ ಕೋಣೆಯದು ಮಾತ್ರ ಒಂದೂ ಹೋಗಿಲ್ಲ. “ಹೊಗೆಯಿಂದಲೇ ಎಂದು ನಾನು ಬರೆದುಕೊಡಲಾರೆ ಕಾಕಾ, ಆದರೆ ಹೋಗಿಲ್ಲ,” ಎಂದಳು. ಅಣ್ಣ ನನ್ನ ಕಡೆ ನೋಡಿದ. ನಾನು ವಡೆಯ ಕಡೆ ನೋಡಿದೆ, ಕಣ್ಣಿನಲ್ಲಿ ನೀರು ಬಂದರೆ ಮೆಣಸಿನ ಮೇಲೆ ಹಾಕಬಹುದು ಎಂದು.

ಆಮೇಲೆ ಶನಿವಾರ ತಪ್ಪಿಸಿದವರಲ್ಲಿ ಅಣ್ಣ ಇರಲಿಲ್ಲ. ಕೌಂಟರನ್ನು ಅತ್ತಿಗೆಯ ಕೈಗೆ ಕೊಟ್ಟು ಬರುತ್ತಿದ್ದ. ಒಂದು ದಿನ ಬಂದವನೇ ನೆಲದ ಮೇಲೆ ಒಂದು ಜಾಗದಲ್ಲಿ ನಿಂತು, ತಲೆಯೆತ್ತಿ, “ಸಾಕ್ಷಿ ಇಲ್ಲಿ,” ಎಂದ. ಅದು ಕಾವಲಿಯ ಜಾಗ. ನಾನು ಗಲ್ಲಾ ಎಂದುಕೊಂಡಿದ್ದೆ. “ಅಪ್ಪ ಗಲ್ಲಾದಲ್ಲಿ ಕೂತದ್ದು ಹೌದು. ಆದ್ರೆ ಮನಸ್ಸು ಇಲ್ಲಿ ಇತ್ತು,” ಎಂದ. ಕೇತಕಿ ಆ ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂಗೈಯಷ್ಟು ಚೌಕ ಗುರುತಿಸಿ, ಅದರ ಸುತ್ತ ಶುಚಿ ಮಾಡುವ ಕೆಲಸವನ್ನು ಅವನಿಗೇ ಬಿಟ್ಟಳು.

ಕೊನೆಯ ಶನಿವಾರ ಮುಚ್ಚಿಗೆಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿತ್ತು. ತೊಲೆಗಳ ಉದ್ದಕ್ಕೂ ಬಳ್ಳಿ ಹರಿದಿತ್ತು. ಅಣ್ಣ ಏಣಿ ಇಳಿದು ಕೈ ಒರೆಸಿಕೊಂಡ. ಕೇತಕಿ ಮೇಲೆ ನೋಡಿದಳು, ನೋಡುತ್ತಲೇ ನಿಂತಳು. ಉಳಿದ ಮಸಿ ಚೌಕವಾಗಿರಲಿಲ್ಲ. ಗುಂಡಗಿತ್ತು. ಅಂಗೈಯಷ್ಟೂ ಅಲ್ಲ, ಒಂದು ಊಟದ ತಟ್ಟೆಯಷ್ಟು ಅಗಲ. ಅಂಚು ಅಲ್ಲಲ್ಲಿ ತೆಳುವಾಗಿ, ನಡುವೆ ದಟ್ಟವಾಗಿ, ಯಾರೋ ಸವುಟು ತಿರುಗಿಸಿ ಹೊಯ್ದ ಹಾಗೆ.

“ಕಾಕಾ, ಚೌಕ ಬಿಡಬೇಕಿತ್ತು,” ಎಂದಳು. “ಎಲ್ಲ ಕಡೆ ಚೌಕವೇ ಬಿಡುವುದು.”

“ದೋಸೆ ಎಲ್ಲಿಯಾದರೂ ಚೌಕ ಇರುತ್ತದಾ?” ಎಂದ ಅಣ್ಣ, ತನ್ನ ಹೋಟೆಲಿನ ಮರಾಠಿಯಲ್ಲಿ.

ಕೇತಕಿ ಏಣಿ ಹತ್ತಿ ಅದರ ಅಗಲ ಅಳೆದು, ನಕ್ಷೆಯಲ್ಲಿದ್ದ ಚೌಕವನ್ನು ಅಳಿಸಿ ಅಲ್ಲಿ ಒಂದು ವೃತ್ತ ಎಳೆದಳು. ಸುಲಭಾತಾಯಿ ಚಪ್ಪಾಳೆ ತಟ್ಟಿದರು.

ಎಲ್ಲರೂ ಸಾಮಾನು ಕಟ್ಟತೊಡಗಿದರು. ಅಣ್ಣ ಹೋಗಿ ಗಲ್ಲಾ ಇದ್ದ ಜಾಗದಲ್ಲಿ ನಿಂತ. ಅಪ್ಪನ ಹಾಗೆ ಕಾವಲಿಗೆ ಬೆನ್ನು ಹಾಕಿ ನಿಂತಿದ್ದವನು, ಮೆಲ್ಲಗೆ ತಿರುಗಿ ತಲೆಯೆತ್ತಿ ಆ ಕರಿಯ ದೋಸೆಯನ್ನು ಬಹಳ ಹೊತ್ತು ನೋಡಿದ. ನಾನು ಪಕ್ಕಕ್ಕೆ ಹೋಗಿ ನಿಂತೆ.

“ಸೀದು ಹೋಗಿದೆ,” ಎಂದ, ಥೇಟು ಅಪ್ಪನ ದನಿಯಲ್ಲಿ. “ಇರಲಿ. ತೆಗೀಬೇಡಿ.”